ಮರಳಿ ಹಾಕದ ಚೀಟಿಗಳು: ಯಾದೃಚ್ಛಿಕ ಆಯ್ಕೆ ಮತ್ತು ಸಂಭವನೀಯತೆ

ಪ್ರೌಢಶಾಲೆಯ ಗಣಿತದಲ್ಲಿ ಸಂಭವನೀಯತೆಯ ಅಧ್ಯಾಯವು ನಾಣ್ಯ, ದಾಳ ಮತ್ತು ಇಸ್ಪೀಟಿನ ಎಲೆಗಳಿಂದ ಆರಂಭವಾಗುವುದು ರೂಢಿ. ಜೂಜಿನ ಸಾಮಗ್ರಿಯಿಂದ ಪಾಠ ಹೇಳಬೇಕಲ್ಲ ಎಂದು ಸಂಕೋಚಪಡುವ ಉಪಾಧ್ಯಾಯರೂ ಉಂಟು. ಈ ಸಂಕೋಚಕ್ಕೆ ಈಗ ಕಾರಣವಿಲ್ಲ. ದಕ್ಷಿಣ ಬೆಂಗಳೂರಿನ ನಾಗರಿಕರಾದ ನಮ್ಮ ನೆರೆಯಲ್ಲಿಯೇ ಈ ಅಧ್ಯಾಯಕ್ಕೆ ಯೋಗ್ಯವಾದ ಉದಾಹರಣೆಯೊಂದಿದೆ. ಚುನಾವಣೆಯ ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿಯೂ ಐದು ಮತಗಟ್ಟೆಗಳ ಹೆಸರು ಚೀಟಿ ಎತ್ತುವುದರ ಮೂಲಕ ಹೊರಬರುತ್ತದೆ. ಆ ಐದರ ಕಾಗದದ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಲಾಗುತ್ತದೆ. ಐದು ಸಾಕೇ ಎಂಬ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ಅದಕ್ಕೆ ಉತ್ತರ ಹುಡುಕುವ ಗಣಿತವಾದರೋ ಹತ್ತನೆಯ ತರಗತಿ ದಾಟಿದ ಯಾವ ವಿದ್ಯಾರ್ಥಿಗೂ ಎಟುಕುವಂಥದು. ಆ ಗಣಿತವನ್ನು ಮೊದಲಿನಿಂದ ಕ್ರಮವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಆಯುವ ವಿಧಾನಗಳ ಎಣಿಕೆ

ಹಲವು ವಸ್ತುಗಳಿಂದ ಕೆಲವನ್ನು ಆಯುವಾಗ ಕ್ರಮವನ್ನು ಗಣಿಸದೆ ಗುಂಪನ್ನು ಮಾತ್ರ ನೋಡಿದರೆ ಅದು ವಿಕಲ್ಪ. ಇದರ ಸಾಮಾನ್ಯ ನಿಯಮವನ್ನು ಸ್ಪಷ್ಟವಾಗಿ ಹೇಳಿದ ಪ್ರಾಚೀನರಲ್ಲಿ ಕನ್ನಡ ನಾಡಿನೊಡನೆ ಸಂಬಂಧವುಳ್ಳ ಮಹಾವೀರಾಚಾರ್ಯನಿಗೆ ಹಿರಿಯ ಸ್ಥಾನವಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ಒಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಅವನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಲೋಕದ ವಿದ್ವಾಂಸರ ಗಮನ ಅದರತ್ತ ಹರಿಯಿತು.

ಮಹಾವೀರನ ವಿಧಾನದ ಸಾರವಿಷ್ಟು: ಒಂದು ಸಾಲಿನಲ್ಲಿ ಒಂದರಿಂದ ಏರುವ ಸಂಖ್ಯೆಗಳನ್ನೂ ಇನ್ನೊಂದು ಸಾಲಿನಲ್ಲಿ ಒಟ್ಟು ಸಂಖ್ಯೆಯಿಂದ ಇಳಿಯುವ ಸಂಖ್ಯೆಗಳನ್ನೂ ಬರೆಯಬೇಕು, ಆಯಬೇಕಾದಷ್ಟು ಸ್ಥಾನಗಳವರೆಗೆ ಇಳಿಸಾಲಿನ ಗುಣಲಬ್ಧವನ್ನು ಏರುಸಾಲಿನ ಗುಣಲಬ್ಧದಿಂದ ಭಾಗಿಸಬೇಕು. ಅವನು ಕೊಡುವ ಉದಾಹರಣೆಗಳು ರಸಗಳು, ರತ್ನಗಳು ಮತ್ತು ಹೂಗಳು. ಆರು ರಸಗಳಲ್ಲಿ ಮೂರನ್ನು ಬೆರೆಸುವ ವಿಧಾನಗಳೆಷ್ಟು?

(6 × 5 × 4) ÷ (1 × 2 × 3) = 20

ಇಂದಿನ ಪಠ್ಯಪುಸ್ತಕದ ಸೂತ್ರಕ್ಕೂ ಇದಕ್ಕೂ ಬರವಣಿಗೆಯಲ್ಲಿ ಮಾತ್ರ ಭೇದ. ಮಹಾವೀರನು ಎಣಿಸಿದ್ದು ವಿಧಾನಗಳನ್ನು. ಎಲ್ಲ ವಿಧಾನಗಳಿಗೂ ಸಮಾನ ಅವಕಾಶವಿದೆ ಎಂಬ ಷರತ್ತನ್ನು ಅದಕ್ಕೆ ಸೇರಿಸಿದರೆ ಸಂಭವನೀಯತೆಯ ಶಾಸ್ತ್ರ ಆರಂಭವಾಗುತ್ತದೆ. ಅನುಕೂಲ ಗುಂಪುಗಳ ಸಂಖ್ಯೆಯನ್ನು ಒಟ್ಟು ಗುಂಪುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಸಂಭವನೀಯತೆ.

2. ಒಂದು ಚಿಕ್ಕ ಲೆಕ್ಕ

ಶಾಲೆಯ ಸಮಿತಿಯೊಂದರಲ್ಲಿ 12 ವಿದ್ಯಾರ್ಥಿಗಳಿದ್ದಾರೆ. 5 ಬಾಲಕಿಯರು, 7 ಬಾಲಕರು. ಚೀಟಿ ಎತ್ತಿ ಮೂವರನ್ನು ಆರಿಸಬೇಕು. ಎತ್ತಿದ ಚೀಟಿಯನ್ನು ಮರಳಿ ಡಬ್ಬಿಗೆ ಹಾಕುವುದಿಲ್ಲ, ಏಕೆಂದರೆ ಒಬ್ಬನೇ ಎರಡು ಬಾರಿ ಆಯ್ಕೆಯಾಗಲಾರನು. ಒಟ್ಟು ಗುಂಪುಗಳು:

(12 × 11 × 10) ÷ (1 × 2 × 3) = 220

ಇವುಗಳಲ್ಲಿ ಬಾಲಕಿಯರು ಎಷ್ಟು ಮಂದಿ ಎಂಬುದನ್ನು ಅನುಸರಿಸಿ ಹೀಗೆ ವಿಂಗಡಿಸಬಹುದು:

ಬಾಲಕಿಯರೇ ಇಲ್ಲದ ಗುಂಪುಗಳು: 1 × 35 = 35 (ಶೇ. 15.9)
ಒಬ್ಬಳಿರುವ ಗುಂಪುಗಳು: 5 × 21 = 105 (ಶೇ. 47.7)
ಇಬ್ಬರಿರುವ ಗುಂಪುಗಳು: 10 × 7 = 70 (ಶೇ. 31.8)
ಮೂವರೂ ಬಾಲಕಿಯರಾದ ಗುಂಪುಗಳು: 10 × 1 = 10 (ಶೇ. 4.5)

ನಾಲ್ಕೂ ಸೇರಿ 220 ಆಗುವುದನ್ನು ವಿದ್ಯಾರ್ಥಿಗಳು ಕೂಡಿ ನೋಡಬೇಕು. ಲೆಕ್ಕ ಸರಿ ಎನ್ನುವುದಕ್ಕೆ ಇದೇ ಮೊದಲ ಪರೀಕ್ಷೆ. ಪ್ರತಿ ಸಾಲಿನಲ್ಲಿಯೂ ಎರಡು ವಿಕಲ್ಪಗಳ ಗುಣಾಕಾರವಿದೆ: ಬಾಲಕಿಯರಿಂದ ಆಯುವ ವಿಧಾನಗಳು ಒಂದು, ಬಾಲಕರಿಂದ ಆಯುವ ವಿಧಾನಗಳು ಮತ್ತೊಂದು. ಮರಳಿ ಹಾಕದ ಆಯ್ಕೆಯ ಸೂತ್ರವೆಲ್ಲ ಇಷ್ಟೇ.

ಮೊದಲನೆಯ ಸಾಲನ್ನು ಇನ್ನೊಂದು ಬಗೆಯಿಂದಲೂ ಪಡೆಯಬಹುದು. ಮೊದಲ ಚೀಟಿ ಬಾಲಕನದಾಗುವ ಸಂಭವನೀಯತೆ 7/12. ಆಮೇಲೆ ಉಳಿದ 11ರಲ್ಲಿ 6. ಆಮೇಲೆ ಉಳಿದ 10ರಲ್ಲಿ 5. ಗುಣಿಸಿದರೆ 210/1320, ಅಂದರೆ 35/220. ಎರಡು ದಾರಿ, ಒಂದೇ ಊರು. ಚೀಟಿಯನ್ನು ಪ್ರತಿ ಬಾರಿ ಮರಳಿ ಹಾಕಿದ್ದರೆ 7/12ನ್ನು ಮೂರು ಬಾರಿ ಗುಣಿಸಬೇಕಾಗುತ್ತಿತ್ತು, ಉತ್ತರ ಶೇ. 19.8 ಬರುತ್ತಿತ್ತು. ಶೇ. 15.9ಕ್ಕೂ ಶೇ. 19.8ಕ್ಕೂ ಇರುವ ವ್ಯತ್ಯಾಸ ಉಪೇಕ್ಷಿಸತಕ್ಕದ್ದಲ್ಲ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಸಂದೇಹವೊಂದಿದೆ: ಮೊದಲು ಎತ್ತಿದ ಚೀಟಿಗೂ ಎರಡನೆಯದಕ್ಕೂ ಅವಕಾಶದಲ್ಲಿ ತಾರತಮ್ಯವಿಲ್ಲವೇ? ಮೊದಲ ಚೀಟಿ ಬಾಲಕಿಯದಾಗುವ ಸಂಭವನೀಯತೆ 5/12. ಎರಡನೆಯದು ಬಾಲಕಿಯದಾಗುವುದು ಎರಡು ಮಾರ್ಗಗಳಿಂದ: ಮೊದಲನೆಯದೂ ಬಾಲಕಿಯದಾಗಿ (5/12 × 4/11), ಇಲ್ಲವೆ ಮೊದಲನೆಯದು ಬಾಲಕನದಾಗಿ (7/12 × 5/11). ಕೂಡಿದರೆ 55/132, ಅಂದರೆ ಮತ್ತೆ 5/12. ಚೀಟಿಗಳನ್ನು ಬಿಡಿಸಿ ನೋಡುವವರೆಗೆ ಯಾವ ಸ್ಥಾನಕ್ಕೂ ಹೆಚ್ಚುಗಾರಿಕೆಯಿಲ್ಲ. ಚೀಟಿ ಎತ್ತುವ ಪದ್ಧತಿಯ ನ್ಯಾಯವು ನಿಂತಿರುವುದು ಈ ತಳಹದಿಯ ಮೇಲೆ.

3. ಎಣಿಕೆಯ ಕೊಠಡಿಯಲ್ಲಿ

ನಮ್ಮ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಮತಯಂತ್ರದೊಡನೆ ಕಾಗದದ ಚೀಟಿಯೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರ ಅಕ್ಟೋಬರ್ 8ರಂದು ಹೇಳಿತು. ಹೀಗೆ ಬಂದ ವಿವಿಪ್ಯಾಟ್ ಯಂತ್ರದಲ್ಲಿ ಮತದಾರನು ಗುಂಡಿಯನ್ನು ಒತ್ತಿದ ಮೇಲೆ ಚೀಟಿಯು ಏಳು ಸೆಕೆಂಡುಗಳ ಕಾಲ ಗಾಜಿನ ಹಿಂದೆ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ.

ಎಲ್ಲ ಚೀಟಿಗಳನ್ನೂ ಎಣಿಸಿದರೆ ಫಲಿತಾಂಶಕ್ಕೆ ಹಲವು ದಿನಗಳು ಬೇಕಾಗುತ್ತವೆ. ಆದುದರಿಂದ ಕೆಲವು ಮತಗಟ್ಟೆಗಳನ್ನು ಮಾತ್ರ ಆಯುವ ಪದ್ಧತಿ ಬಂದಿತು. ಮೊದಲು ಕ್ಷೇತ್ರಕ್ಕೆ ಒಂದೇ ಮತಗಟ್ಟೆ ಇತ್ತು. ಶೇಕಡ 50ರಷ್ಟನ್ನು ಎಣಿಸಬೇಕೆಂದು 21 ವಿರೋಧ ಪಕ್ಷಗಳ ನಾಯಕರು ಕೋರಿದಾಗ, ನ್ಯಾಯಾಲಯವು 2019ರ ಏಪ್ರಿಲ್ 8ರಂದು ಸಂಖ್ಯೆಯನ್ನು ಒಂದರಿಂದ ಐದಕ್ಕೆ ಏರಿಸಿತು.

ಈ ಆಯ್ಕೆ ನಡೆಯುವ ಬಗೆ ಗಮನಾರ್ಹವಾದುದು. ಯಂತ್ರಗಳ ಕೊನೆಯ ಸುತ್ತಿನ ಎಣಿಕೆ ಮುಗಿದ ಮೇಲೆ, ಅಭ್ಯರ್ಥಿಗಳು ಅಥವಾ ಅವರ ಏಜೆಂಟರ ಸಮ್ಮುಖದಲ್ಲಿ ಚೀಟಿ ಎತ್ತಲಾಗುತ್ತದೆ. ಪೋಸ್ಟ್ ಕಾರ್ಡ್ ಗಾತ್ರದ ಬಿಳಿಯ ಕಾಗದಗಳು. ಪ್ರತಿಯೊಂದರ ನಡುವೆ ಮತಗಟ್ಟೆಯ ಸಂಖ್ಯೆ. ಪ್ರತಿ ಕಾಗದವನ್ನು ಏಜೆಂಟರಿಗೆ ತೋರಿಸಿ, ಸಂಖ್ಯೆ ಕಾಣದಂತೆ ನಾಲ್ಕು ಮಡಿಕೆಯಾಗಿ ಮಡಿಸಿ, ಪಾತ್ರೆಗೆ ಹಾಕಿ, ಪಾತ್ರೆಯನ್ನು ಕುಲುಕಿ ಆಮೇಲೆ ಎತ್ತಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಇವೆಲ್ಲ ಬರಿಯ ಔಪಚಾರಿಕತೆಗಳಲ್ಲ. ಕಾಗದಗಳೆಲ್ಲ ಒಂದೇ ಗಾತ್ರದವಾಗಿರುವುದರಿಂದಲೂ ಪಾತ್ರೆಯನ್ನು ಕುಲುಕುವುದರಿಂದಲೂ ಎಲ್ಲ ಗುಂಪುಗಳಿಗೆ ಸಮಾನ ಅವಕಾಶ ಎಂಬ ಷರತ್ತು ಈಡೇರುತ್ತದೆ. ಮತದಾನ ಮುಗಿದ ಮೇಲೆ ಎತ್ತುವುದರಿಂದ ಯಾವ ಯಂತ್ರ ಪರೀಕ್ಷೆಗೆ ಬರುವುದೆಂದು ಯಾರೂ ಮುಂಚಿತವಾಗಿ ಅರಿಯಲಾರರು. ಈ ಷರತ್ತುಗಳು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಈಗ ಒಂದು ಕ್ಷೇತ್ರದಲ್ಲಿ 200 ಮತಗಟ್ಟೆಗಳಿವೆ ಎಂದು ಭಾವಿಸೋಣ. ಇದು ಲೆಕ್ಕದ ಸೌಕರ್ಯಕ್ಕಾಗಿ ಇಟ್ಟುಕೊಂಡ ಸಂಖ್ಯೆ. ಐದನ್ನು ಆಯುವ ಗುಂಪುಗಳು 253 ಕೋಟಿ 56 ಲಕ್ಷ 50 ಸಾವಿರದ 40. ಎಷ್ಟೋ ಯಂತ್ರಗಳಲ್ಲಿ ದೋಷವಿದೆ ಎಂದು ಊಹಿಸಿ, ಐದರಲ್ಲಿ ಕನಿಷ್ಠ ಒಂದಾದರೂ ದೋಷಯುಕ್ತ ಯಂತ್ರ ಸಿಕ್ಕುವ ಸಂಭವನೀಯತೆಯನ್ನು ಕಂಡುಹಿಡಿಯಬೇಕು. 'ಕನಿಷ್ಠ ಒಂದು' ಎಂದಾಗ ವಿರುದ್ಧ ಘಟನೆಯನ್ನು ಹಿಡಿಯುವುದು ಸುಲಭ: ಐದೂ ನಿರ್ದೋಷವಾಗಿರುವ ಸಂಭವನೀಯತೆಯನ್ನು ಒಂದರಿಂದ ಕಳೆಯಬೇಕು. ಉದಾಹರಣೆಗೆ 10 ಯಂತ್ರಗಳಲ್ಲಿ ದೋಷವಿದ್ದರೆ, ಐದೂ ನಿರ್ದೋಷವಾಗಿರುವ ಸಂಭವನೀಯತೆ:

190/200 × 189/199 × 188/198 × 187/197 × 186/196 = 0.772

ಅಂದರೆ ದೋಷ ಬಯಲಾಗುವ ಸಂಭವನೀಯತೆ 0.228. ಇದೇ ರೀತಿ ಮಾಡಿದ ಲೆಕ್ಕಗಳು ಕೆಳಗಿವೆ:

ದೋಷವಿರುವ ಯಂತ್ರ 1: ಬಯಲಾಗುವ ಸಂಭವ ಶೇ. 2.5
ದೋಷವಿರುವ ಯಂತ್ರಗಳು 4: ಶೇ. 9.7
ದೋಷವಿರುವ ಯಂತ್ರಗಳು 10: ಶೇ. 22.8
ದೋಷವಿರುವ ಯಂತ್ರಗಳು 20: ಶೇ. 41.3
ದೋಷವಿರುವ ಯಂತ್ರಗಳು 50: ಶೇ. 76.7
ದೋಷವಿರುವ ಯಂತ್ರಗಳು 100: ಶೇ. 97.0

4. ಒಟ್ಟು ಸಂಖ್ಯೆಯ ಭ್ರಮೆ

ಮಾದರಿಯು ಒಟ್ಟಿನ ಶೇಕಡ ಎಷ್ಟು ಎಂಬುದೇ ಮುಖ್ಯವೆಂದು ಬಹುಜನರು ತಿಳಿದಿದ್ದಾರೆ. ಲೆಕ್ಕವು ಹಾಗೆ ಹೇಳುವುದಿಲ್ಲ. ಶೇ. 2ರಷ್ಟು ದೋಷವಿರುವ 200 ಯಂತ್ರಗಳಿಂದ ಐದನ್ನು ಎತ್ತಿದರೆ ದೋಷ ಬಯಲಾಗುವ ಸಂಭವ ಶೇ. 9.7. ಅದೇ ಪ್ರಮಾಣದ ದೋಷವಿರುವ 10 ಲಕ್ಷ ಯಂತ್ರಗಳಿಂದ ಐದನ್ನು ಎತ್ತಿದರೆ ಶೇ. 9.6. ಒಟ್ಟು ಸಂಖ್ಯೆ ಐದು ಸಾವಿರ ಪಟ್ಟು ಬೆಳೆದರೂ ಉತ್ತರ ಬಹುತೇಕ ಕದಲಲಿಲ್ಲ. ರಾಶಿ ದೊಡ್ಡದಾಗಿ ಮಾದರಿ ಚಿಕ್ಕದಾಗಿದ್ದಾಗ, ಮರಳಿ ಹಾಕುವುದಕ್ಕೂ ಹಾಕದಿರುವುದಕ್ಕೂ ಇರುವ ಭೇದವೂ ಕರಗಿಹೋಗುತ್ತದೆ. ನಿರ್ಣಾಯಕವಾದುವು ಎರಡೇ: ಎಷ್ಟು ಎತ್ತಿದೆವು, ದೋಷದ ಪ್ರಮಾಣ ಎಷ್ಟು.

ಭಾರತೀಯ ಸಾಂಖ್ಯಿಕ ಸಂಸ್ಥೆ, ಚೆನ್ನೈನ ಗಣಿತ ಸಂಸ್ಥೆ ಮೊದಲಾದೆಡೆಯ ತಜ್ಞರು 2019ರ ಮಾರ್ಚಿಯಲ್ಲಿ ಆಯೋಗಕ್ಕೆ ಕೊಟ್ಟ ವರದಿಯ ಹಿಂದೆ ಇರುವುದೂ ಇದೇ ತತ್ತ್ವ. ದೇಶದ ಸುಮಾರು 10.35 ಲಕ್ಷ ಮತಗಟ್ಟೆಗಳಿಂದ 479ನ್ನು ಆಯ್ದು ಪರೀಕ್ಷಿಸಿದರೆ ಸಾಕೆಂದು ಅವರು ತಿಳಿಸಿದರು. ನಾವೇ ಪರಿಶೀಲಿಸಬಹುದು: ಶೇ. 2ರಷ್ಟು ಯಂತ್ರಗಳಲ್ಲಿ ದೋಷವಿದ್ದರೆ 479ರಲ್ಲಿ ಒಂದೂ ಸಿಕ್ಕದಿರುವ ಸಂಭವನೀಯತೆ 0.98ನ್ನು 479 ಬಾರಿ ಗುಣಿಸಿದಷ್ಟು, ಅಂದರೆ ಲಕ್ಷಕ್ಕೆ ಆರೇಳು ಮಾತ್ರ. ಲೆಕ್ಕ ಸರಿಯಾಗಿದೆ.

ಆದರೆ ಆ ಲೆಕ್ಕ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಮರೆಯಬಾರದು. ಇಡೀ ದೇಶದ ಯಂತ್ರಗಳಲ್ಲಿ ಶೇ. 2ರಷ್ಟು ದೋಷವಿದೆಯೇ ಎಂಬುದು ಒಂದು ಪ್ರಶ್ನೆ. ಈ ಒಂದು ಕ್ಷೇತ್ರದ ಫಲಿತಾಂಶ ಸರಿಯೇ ಎಂಬುದು ಇನ್ನೊಂದು. ಕ್ಷೇತ್ರಕ್ಕೆ ಐದರಂತೆ ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ 1,120 ಯಂತ್ರಗಳ ಪರೀಕ್ಷೆಯಾಗುತ್ತದೆ, ಎಲ್ಲೆಡೆ ಶೇ. 2ರ ದೋಷವಿದ್ದರೆ ಅದು ತಪ್ಪಿಸಿಕೊಳ್ಳುವುದು ಅಸಂಭವವೆಂದೇ ಹೇಳಬೇಕು. ಜಯನಗರ, ಬಿ.ಟಿ.ಎಂ. ಲೇಔಟ್, ಬಸವನಗುಡಿ, ಪದ್ಮನಾಭನಗರ ಮೊದಲಾದ ಎಂಟು ವಿಧಾನಸಭಾ ಕ್ಷೇತ್ರಗಳಿರುವ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ 40 ಯಂತ್ರಗಳ ಪರೀಕ್ಷೆ ನಡೆಯುತ್ತದೆ. ಮೇಲಿನ ಊಹೆಯಂತೆ ಬಯಲಾಗುವ ಸಂಭವ ಶೇ. 55.8. ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಬಂದರೆ ಅದು ಶೇ. 9.7ಕ್ಕೆ ಇಳಿಯುತ್ತದೆ.

5. ಹದಿನಾರು ಮತಗಳು

2023ರ ಮೇ 13ರಂದು ಜಯನಗರ ಕ್ಷೇತ್ರದ ಮತಗಳ ಎಣಿಕೆ ನಡೆದಾಗ ಸಿ. ಕೆ. ರಾಮಮೂರ್ತಿ ಅವರಿಗೆ 57,797, ಸೌಮ್ಯಾ ರೆಡ್ಡಿ ಅವರಿಗೆ 57,781 ಮತಗಳೆಂದು ಘೋಷಣೆಯಾಯಿತು. ಅಂತರ 16. ಅದಕ್ಕೂ ಹಿಂದೆ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದಿದ್ದರು. ಪಕ್ಷಗಳ ವಿಚಾರ ನಮ್ಮ ಲೇಖನಕ್ಕೆ ಸಲ್ಲದು. ಜಯನಗರದಲ್ಲಿ ಅಂದು ಚರ್ಚೆಗೆ ಒಳಗಾದುದು ಮುಖ್ಯವಾಗಿ ಅಂಚೆ ಮತಪತ್ರಗಳೇ ಹೊರತು ಯಂತ್ರಗಳಲ್ಲ. ಯಾವ ಯಂತ್ರದ ಮೇಲೂ ಇಲ್ಲಿ ಆರೋಪವಿಲ್ಲ. ನಮಗೆ ಬೇಕಾದುದು ಅಂತರ ಮಾತ್ರ.

ಒಬ್ಬರ ಮತ ಇನ್ನೊಬ್ಬರ ಲೆಕ್ಕಕ್ಕೆ ತಪ್ಪಾಗಿ ಸೇರಿದರೆ ಅಂತರವು ಎರಡರಷ್ಟು ಬದಲಾಗುತ್ತದೆ. ಹೀಗಿರುವಲ್ಲಿ, ಒಂದು ಯಂತ್ರದಲ್ಲಿ ನೂರಕ್ಕಿಂತ ಹೆಚ್ಚು ಮತಗಳು ಹೀಗೆ ತಪ್ಪಲಾರವು ಎಂದು ಭಾವಿಸಿ, ಮೂರು ಸಂದರ್ಭಗಳನ್ನು ಹೋಲಿಸೋಣ.

ಅಂತರ 20,000 ಆಗಿದ್ದರೆ, ಫಲಿತಾಂಶ ಬುಡಮೇಲಾಗಲು ಕನಿಷ್ಠ 100 ಯಂತ್ರಗಳಾದರೂ ಕೆಟ್ಟಿರಬೇಕು. ಐದು ಚೀಟಿಗಳು ಅದನ್ನು ಹಿಡಿಯುವ ಸಂಭವ ಶೇ. 97. ಅಂತರ 4,000 ಆಗಿದ್ದರೆ, 20 ಯಂತ್ರಗಳು. ಹಿಡಿಯುವ ಸಂಭವ ಶೇ. 41.3. ಅಂತರ 16 ಆಗಿದ್ದರೆ, ಒಂದೇ ಯಂತ್ರದ 9 ಮತಗಳು ಸಾಕು. ಹಿಡಿಯುವ ಸಂಭವ ಶೇ. 2.5.

ಈ ಲೇಖನದ ತಾತ್ಪರ್ಯವು ಈ ಮೂರು ವಾಕ್ಯಗಳಲ್ಲಿದೆ. ಐದು ಸಾಕೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಗೆಲುವಿನ ಅಂತರ ದೊಡ್ಡದಾದಲ್ಲಿ ಐದು ಬಲವಾದ ಕಾವಲು. ಅಂತರ ಕಿರಿದಾದಂತೆ ಅದು ದುರ್ಬಲವಾಗುತ್ತದೆ. ಮಾದರಿಯ ಗಾತ್ರವನ್ನು ಎಲ್ಲ ಕ್ಷೇತ್ರಗಳಿಗೂ ಒಂದೇ ಎಂದು ನಿಗದಿಪಡಿಸುವುದಕ್ಕಿಂತ ಅಂತರವನ್ನು ನೋಡಿ ನಿಶ್ಚಯಿಸುವುದು ಗಣಿತಕ್ಕೆ ಹೆಚ್ಚು ಒಪ್ಪುವ ದಾರಿ. ಅಮೆರಿಕದ ಕೊಲೊರಾಡೊ ರಾಜ್ಯವು 2017ರಲ್ಲಿ ಇಂತಹ ಪರಿಶೋಧನೆಯನ್ನು ರಾಜ್ಯವ್ಯಾಪಿಯಾಗಿ ಆರಂಭಿಸಿತು. ನಮ್ಮ ಊಹಾಕ್ಷೇತ್ರದಲ್ಲಿ ಶೇ. 95ರ ಭರವಸೆ ಬೇಕಾದರೆ 10 ದೋಷಯಂತ್ರಗಳಿಗಾಗಿ 51ನ್ನೂ, 4 ದೋಷಯಂತ್ರಗಳಿಗಾಗಿ 105ನ್ನೂ, ಒಂದೇ ದೋಷಯಂತ್ರಕ್ಕಾಗಿ 190ನ್ನೂ ಪರೀಕ್ಷಿಸಬೇಕಾಗುತ್ತದೆ. 190 ಎಣಿಸುವವರು 200ನ್ನೇ ಎಣಿಸಬಹುದು. ಹದಿನಾರು ಮತಗಳ ಅಂತರದಲ್ಲಿ ಮಾದರಿಯಿಂದ ಉಪಯೋಗವಿಲ್ಲ, ಪೂರ್ಣ ಎಣಿಕೆಯೇ ಉಪಾಯ. ಚೀಟಿಗಳ ಎಣಿಕೆಗಾಗಿ ಅಭ್ಯರ್ಥಿಯು ಚುನಾವಣಾಧಿಕಾರಿಗೆ ಲಿಖಿತ ಅರ್ಜಿ ಸಲ್ಲಿಸುವ ಅವಕಾಶ ನಿಯಮಗಳಲ್ಲಿದೆ. ಯಂತ್ರಕ್ಕೂ ಚೀಟಿಗೂ ಭೇದ ಬಂದರೆ ಚೀಟಿಯ ಎಣಿಕೆಯೇ ಮಾನ್ಯ.

2024ರ ಏಪ್ರಿಲ್ 26ರಂದು, ಬೆಂಗಳೂರು ದಕ್ಷಿಣದ ಮತದಾರರು ಲೋಕಸಭೆಗೆ ಮತ ಹಾಕುತ್ತಿದ್ದ ದಿನವೇ, ಸರ್ವೋಚ್ಚ ನ್ಯಾಯಾಲಯವು ಪೂರ್ಣ ಎಣಿಕೆಯ ಬೇಡಿಕೆಯನ್ನು ತಳ್ಳಿಹಾಕಿ ಬೇರೊಂದು ಅವಕಾಶವನ್ನು ಸೇರಿಸಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಯು ಏಳು ದಿನಗಳೊಳಗೆ ಕೋರಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳನ್ನು ತಯಾರಕರ ಎಂಜಿನಿಯರುಗಳು ತಪಾಸಣೆ ಮಾಡಬೇಕು. ಇಲ್ಲಿ ಯಂತ್ರಗಳನ್ನು ಸೂಚಿಸುವವರು ಅಭ್ಯರ್ಥಿಗಳೇ, ಚೀಟಿ ಎತ್ತುವುದಿಲ್ಲ. ಆದುದರಿಂದ ನಮ್ಮ ಸೂತ್ರ ಇಲ್ಲಿ ಅನ್ವಯಿಸದು. ಯಾದೃಚ್ಛಿಕ ಆಯ್ಕೆಯಿಂದ ಇಡೀ ರಾಶಿಯನ್ನು ಕುರಿತು ತೀರ್ಮಾನಿಸಬಹುದು; ಸಂದೇಹದ ಮೇಲೆ ಮಾಡಿದ ಆಯ್ಕೆಯಿಂದ ಆ ಸಂದೇಹ ನಿಜವೇ ಎಂಬುದು ಮಾತ್ರ ತಿಳಿಯುತ್ತದೆ. ಎರಡಕ್ಕೂ ಅವುಗಳದೇ ಪ್ರಯೋಜನವಿದೆ.

ಅನುಭವದ ಸಾಕ್ಷ್ಯವನ್ನೂ ಇಲ್ಲಿ ಹೇಳಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ 20,687 ವಿವಿಪ್ಯಾಟ್ ಯಂತ್ರಗಳ ಚೀಟಿಗಳನ್ನು ಎಣಿಸಿದಾಗ ಆಂಧ್ರಪ್ರದೇಶದ ಒಂದು ಮತಗಟ್ಟೆಯಲ್ಲಿ ಮಾತ್ರ ವ್ಯತ್ಯಾಸ ಕಂಡುಬಂದಿತು. ಬೆಳಗಿನ ಅಣಕು ಮತದಾನದ ಮತಗಳನ್ನು ಅಧಿಕಾರಿ ಅಳಿಸದಿದ್ದುದೇ ಅದಕ್ಕೆ ಕಾರಣವಾಗಿತ್ತು. ದೇಶದ ಒಟ್ಟು ವ್ಯವಸ್ಥೆಯನ್ನು ಕುರಿತು ಇದು ಬಲವಾದ ಭರವಸೆ. ಕೂದಲೆಳೆಯ ಅಂತರದ ಒಂದು ಕ್ಷೇತ್ರವನ್ನು ಕುರಿತು ಅದೇ ಭರವಸೆಯನ್ನು ಇದರಿಂದ ಪಡೆಯಲಾಗದು. ಎರಡು ಮಾತುಗಳೂ ಏಕಕಾಲಕ್ಕೆ ಸತ್ಯ.

6. ತರಗತಿಗೆ

ಉಪಾಧ್ಯಾಯರು ಇದನ್ನು ಬೋಧಿಸುವಾಗ 200 ಕಾಗದದ ತುಂಡುಗಳ ಹಿಂಬದಿಯಲ್ಲಿ ಇಪ್ಪತ್ತಕ್ಕೆ ಕೆಂಪು ಗುರುತು ಹಾಕಿ ಡಬ್ಬಿಯಲ್ಲಿಡಲಿ. ನಲವತ್ತು ವಿದ್ಯಾರ್ಥಿಗಳು ಸರದಿಯಂತೆ ಐದೈದನ್ನು ಎತ್ತಿ, ನೋಡಿ, ಐದನ್ನೂ ಮರಳಿ ಹಾಕಿ ಕುಲುಕಲಿ. ಸುಮಾರು ಹದಿನಾರು ಹದಿನೇಳು ಮಂದಿಗೆ ಕೆಂಪು ಸಿಕ್ಕೀತು. ಉಳಿದವರು ತಮ್ಮ ಡಬ್ಬಿ ನಿರ್ದೋಷವೆಂದೇ ನಂಬುವರು. ಎರಡು ಗುಂಪುಗಳ ಮುಖಗಳನ್ನು ನೋಡಿದರೆ ಪಾಠ ಅರ್ಧ ಮುಗಿದಂತೆ.

ಅಭ್ಯಾಸಕ್ಕೆ ಒಂದು ಲೆಕ್ಕ: 30 ಉತ್ತರಪತ್ರಿಕೆಗಳಲ್ಲಿ 6ರ ಅಂಕಗಳನ್ನು ಕೂಡುವಾಗ ತಪ್ಪಾಗಿದೆ. ಮುಖ್ಯೋಪಾಧ್ಯಾಯರು ಯಾದೃಚ್ಛಿಕವಾಗಿ ಮೂರನ್ನು ತೆಗೆದು ನೋಡುತ್ತಾರೆ. ತಪ್ಪು ಅವರ ಕಣ್ಣಿಗೆ ಬೀಳದಿರುವ ಸಂಭವನೀಯತೆ ಎಷ್ಟು? 24ರಿಂದ ಮೂರನ್ನು ಆಯುವ ವಿಧಾನಗಳು 2,024, 30ರಿಂದ 4,060. ಉತ್ತರ 0.499. ಐದರಲ್ಲಿ ಒಂದು ಪತ್ರಿಕೆ ತಪ್ಪಾಗಿದ್ದರೂ ಮೂರರ ತಪಾಸಣೆಯು ಹೆಚ್ಚುಕಡಮೆ ಅರ್ಧದಷ್ಟು ಬಾರಿ ಎಲ್ಲವೂ ಸರಿಯಿದೆಯೆಂದೇ ಹೇಳುತ್ತದೆ. ಶಾಲೆಯ ಲೆಕ್ಕಪತ್ರ, ಉಗ್ರಾಣದ ದಾಸ್ತಾನು, ವಿದ್ಯಾರ್ಥಿನಿಲಯದ ದಿನಸಿ ಇವುಗಳ ತಪಾಸಣೆಗೂ ಇದೇ ಲೆಕ್ಕ ಸಲ್ಲುತ್ತದೆ. ಎಷ್ಟನ್ನು ನೋಡಬೇಕೆಂದು ನಿಶ್ಚಯಿಸುವ ಮೊದಲು, ಎಷ್ಟು ಚಿಕ್ಕ ದೋಷವನ್ನು ನಾವು ಸಹಿಸಲಾರೆವು ಎಂಬುದನ್ನು ನಿಶ್ಚಯಿಸಬೇಕು. ಅದನ್ನು ಹೇಳಿದರೆ ಉಳಿದ ಲೆಕ್ಕವನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳು ಮಾಡಿಕೊಡಬಲ್ಲರು.